ಕಾನ್‌ಕೂನ್‌ಗೆ ಹೋದೆವು, ಮೆಕ್ಸಿಕೋ ಕಂಡೆವೇ?

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ, ಬರುವ ಡಿಸೆಂಬರ್ ರಜೆಗೆ ನಮ್ಮ ಕೂಟದ ಸಂಸಾರಗಳೆಲ್ಲ ಸೇರಿ ಮೆಕ್ಸಿಕೋದ ಕಾನ್‌ಕೂನ್‌ಗೆ ಮತ್ತೆ ಹೋಗಬೇಕೆಂಬ ಸೂಚನೆ ಬಂತು. ಹೋದ ವರ್ಷ ಹೋಗಿಬಂದ ನಾಲ್ಕು ಸಂಸಾರಗಳಲ್ಲಿ ನಮ್ಮದೂ ಒಂದು. "ಅನುಭವಸ್ಥರು ನೀವು, ಪತ್ರಿಕೆಗೆ ಎರಡು ಮಾತು ಬರೆದುಕೊಡಿ" ಎಂದರು ಸಂಪಾದಕರು. ಎರಡು ಮಾತು ಬರೆಯಲು ಕೂತವನ ಕೈ ಸ್ವಲ್ಪ ಉದ್ದವಾಯಿತು, ಓದುಗರು ಕ್ಷಮಿಸಬೇಕು. ಇದನ್ನು ಪ್ರವಾಸ ಕಥನ ಎಂದುಕೊಳ್ಳದೆ ಒಂದು ತಕರಾರು ಅರ್ಜಿ ಎಂದುಕೊಳ್ಳಿ. ತಕರಾರಿನಲ್ಲಿ ಮೊದಲನೆಯ ಪ್ರತಿವಾದಿ ನಾನೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಮೊಳಕಾಲುದ್ದ ಹಿಮ ಬಿದ್ದಿರುವಾಗ, ನಾಲ್ಕು ಗಂಟೆ ವಿಮಾನದಲ್ಲಿ ಕೂತು ಇಳಿದರೆ ಕಾರವಾರದ ಬಿಸಿಲು. ನೀಲಿ ಸಮುದ್ರ, ಹಿಟ್ಟಿನಂಥ ಬಿಳಿ ಮರಳು. ಹೋಟೆಲಿನ ಬಾಗಿಲಲ್ಲೇ ಕೈಗೊಂದು ಬಣ್ಣದ ಪಟ್ಟಿ ಬಿಗಿದರು. ಏಳು ದಿನ ಅದನ್ನು ಬಿಚ್ಚುವಂತಿಲ್ಲ. ಅದಿದ್ದರೆ ಊಟ, ಹಣ್ಣಿನ ರಸ, ಈಜುಕೊಳ, ದಡದ ಮೇಲಿನ ಒರಗು ಕುರ್ಚಿ ಎಲ್ಲವೂ ನಮ್ಮದು. ಜೇಬಿಗೆ ಕೈ ಹಾಕುವ ಪ್ರಮೇಯವೇ ಇಲ್ಲ. ನಮ್ಮ ಖಜಾಂಚಿಗಳು ಲೆಕ್ಕದ ಪುಸ್ತಕವಿಲ್ಲದೆ ನಗುನಗುತ್ತ ಓಡಾಡಿದ್ದನ್ನು ಮೊದಲ ಸಲ ಅಲ್ಲಿ ಕಂಡೆ. ವರ್ಷವೆಲ್ಲ ಲ್ಯಾಬೊರೇಟರಿಯ ಫ್ಯೂಮ್ ಹುಡ್ಡಿನ ಮುಂದೆ ನಿಂತು ಸೊಂಟ ಹಿಡಿದಿದ್ದ ನನಗೂ ಸುಖವೆನಿಸಿತು. ಸುಖ ಸುಳ್ಳು ಎಂದು ನಾನು ಹೇಳಲಾರೆ.

ಮೂರನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎರಡು ಸಣ್ಣ ಸಂಗತಿಗಳು ನಡೆದವು. ಕಾಫಿ ತಂದ ಮಾಣಿ ನನ್ನ ಮುಖ ನೋಡಿ ನಗುತ್ತ ಸ್ಪ್ಯಾನಿಷ್‌ನಲ್ಲಿ ಮಾತು ತೆಗೆದ. ನನ್ನ ಬಣ್ಣ, ನನ್ನ ಮೀಸೆ, ನನ್ನ ಎತ್ತರ ಎಲ್ಲವೂ ಅವನವೇ. ಅವನು ನಮ್ಮ ಅರಸೀಕೆರೆಯ ದೊಡ್ಡಪ್ಪನ ಮಗನೆಂದರೆ ಯಾರೂ ನಂಬುತ್ತಿದ್ದರು. ನಾನು ಥಟ್ಟನೆ, "ನೋ ನೋ, ಇಂಡಿಯಾ! ಅಮೆರಿಕದಲ್ಲಿ ಇರುವವರು" ಎಂದೆ. ಅವನು ಕ್ಷಮೆ ಕೇಳಿ ಇಂಗ್ಲಿಷಿಗೆ ತಿರುಗಿದ. ಅವನು ಕ್ಷಮೆ ಕೇಳುವಂಥದ್ದು ಏನಾಗಿತ್ತು? ನನ್ನನ್ನು ತನ್ನವನೆಂದು ತಿಳಿದ, ಅಷ್ಟೇ. ಅದನ್ನು ತಳ್ಳಿಹಾಕಲು ನನಗೇಕೆ ಅಷ್ಟು ಅವಸರ?

ಅದೇ ಹೊತ್ತಿಗೆ ನನ್ನ ಆರು ವರ್ಷದ ಮಗ ಖಾಲಿ ಲೋಟವನ್ನು ಮೇಲೆತ್ತಿ ಅಲ್ಲಾಡಿಸಿದ. ಎತ್ತಿದನೇ ಹೊರತು ತಲೆ ತಿರುಗಿಸಿ ಯಾರನ್ನೂ ನೋಡಲಿಲ್ಲ. ಲೋಟ ತುಂಬಿತು. ತುಂಬಿದವರ ಮುಖ ಅವನಿಗೆ ಗೊತ್ತಾಗಲಿಲ್ಲ. ಮೂರೇ ದಿನದ ಕಲಿಕೆ! ನಮ್ಮ ತಂದೆ ಹಳ್ಳಿ ಶಾಲೆಯ ಮೇಷ್ಟ್ರು. ರೈಲ್ವೆ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಹೊತ್ತವನನ್ನೂ "ಏನಪ್ಪಾ, ಊಟ ಆಯಿತಾ?" ಎಂದು ಕೇಳದೆ ಕಾಸು ಕೊಟ್ಟವರಲ್ಲ. ಅವರ ಮೊಮ್ಮಗ ಸಾಹೇಬನಾಗಲು ಬೇಕಾದದ್ದು ಒಂದು ಕೈಪಟ್ಟಿ ಮಾತ್ರ.

ನಾವು ಇದ್ದ ಆ ಊರಾದರೂ ಎಂಥದು? 1970ಕ್ಕೆ ಮೊದಲು ಕಾನ್‌ಕೂನ್ ಎಂಬುದು ಸಮುದ್ರಕ್ಕೂ ನಿಚುಪ್ತೆ ಎಂಬ ಹಿನ್ನೀರಿಗೂ ನಡುವೆ ಬಿದ್ದಿದ್ದ ಮರಳಿನ ಪಟ್ಟಿ. ತೆಂಗಿನ ಮರಗಳು, ಬೆರಳೆಣಿಕೆಯ ಜನ. ಡಾಲರ್ ಸಂಪಾದನೆಗೆ ದಾರಿ ಹುಡುಕುತ್ತಿದ್ದ ಮೆಕ್ಸಿಕೋದ ಕೇಂದ್ರ ಬ್ಯಾಂಕಿನವರು ಲೆಕ್ಕ ಹಾಕಿ ಈ ಜಾಗ ಆರಿಸಿದರು. 1974ರ ಹೊತ್ತಿಗೆ ಮೊದಲ ಹೋಟೆಲುಗಳು ತೆರೆದವು. ದಡದ ಮೇಲೆ ಹೋಟೆಲುಗಳ ಸಾಲು, ಕೆಲಸದವರಿಗೆ ಒಳನಾಡಿನ ಕಡೆ ಬೇರೆ ಪೇಟೆ: ಮೊದಲಿನಿಂದಲೂ ನಕ್ಷೆಯೇ ಹಾಗೆ. 2020ರ ಜನಗಣತಿಯಲ್ಲಿ ಆ ಪೇಟೆಯ ಜನಸಂಖ್ಯೆ ಸುಮಾರು 9 ಲಕ್ಷ. ಅದನ್ನು ನಾವು ವಿಮಾನದ ಕಿಟಕಿಯಿಂದ ನೋಡಿದ್ದು ಬಿಟ್ಟರೆ ನಾಲ್ಕು ದಿನ ನೋಡಲೇ ಇಲ್ಲ. ನಾವು ಬಿದ್ದುಕೊಂಡಿದ್ದ ಮರಳು ಕೂಡ ಪೂರ್ತಿ ಅಲ್ಲಿಯದೇ ಎನ್ನುವಂತಿಲ್ಲ. 2005ರ ಅಕ್ಟೋಬರಿನಲ್ಲಿ ವಿಲ್ಮಾ ಎಂಬ ಚಂಡಮಾರುತ ದಡದ ಮರಳನ್ನು ಬಳಿದುಕೊಂಡು ಹೋದ ಮೇಲೆ ಸಮುದ್ರದ ತಳದಿಂದ ಮರಳನ್ನು ಪಂಪು ಮಾಡಿ ತಂದು ಸುರಿದರು. ಇನ್ನೊಂದು ಮಾತು: ಮೆಕ್ಸಿಕೋದ ಕಾನೂನಿನಂತೆ ಸಮುದ್ರದ ದಡ ಯಾವ ಹೋಟೆಲಿನದೂ ಅಲ್ಲ, ಎಲ್ಲರಿಗೂ ಸೇರಿದ್ದು. ಆದರೂ ಆ ಪೇಟೆಯ ಮಕ್ಕಳು ನಮ್ಮ ಮಕ್ಕಳ ಪಕ್ಕದಲ್ಲಿ ಮರಳಿನ ಮನೆ ಕಟ್ಟಿದ್ದನ್ನು ನಾನು ಕಾಣಲಿಲ್ಲ. ದಡ ಎಲ್ಲರದು, ದಡಕ್ಕೆ ಹೋಗುವ ದಾರಿ ಹೋಟೆಲಿನದು.

ಐದನೆಯ ದಿನ ನನ್ನ ಶ್ರೀಮತಿ ಹಟ ಹಿಡಿದಳು. "ಅಲ್ರೀ, ಇಷ್ಟು ದೂರ ಬಂದು ಈಜುಕೊಳ ನೋಡ್ಕೊಂಡು ಹೋಗೋದಾದ್ರೆ ನಮ್ಮೂರ ವೈಎಂಸಿಎನೇ ಸಾಕಿತ್ತಲ್ಲ?" ಉತ್ತರವಿರಲಿಲ್ಲ. ಒಂದು ವ್ಯಾನು ಗೊತ್ತುಮಾಡಿಕೊಂಡು ಪಶ್ಚಿಮಕ್ಕೆ ಸುಮಾರು ನೂರೈವತ್ತು ಕಿಲೋಮೀಟರ್ ದೂರದ ವಯಾದೊಲಿದ್ ಎಂಬ ಹಳೆಯ ಊರಿಗೆ ಹೊರಟೆವು. ಡ್ರೈವರು ಐವತ್ತು ದಾಟಿದವರು. ಹುಡುಗನಾಗಿದ್ದಾಗ ಹಳ್ಳಿ ಬಿಟ್ಟು ಕಾನ್‌ಕೂನ್‌ಗೆ ಗಾರೆ ಕೆಲಸಕ್ಕೆ ಬಂದು, ಪ್ರವಾಸಿಗಳಿಂದಲೇ ಇಂಗ್ಲಿಷ್ ಕಲಿತವರು. ದಾರಿಯ ಕಾಡಿನಲ್ಲಿ ಒಂದು ಮರ ತೋರಿಸಿ "ಸಪೋತೆ" ಎಂದರು. ಶ್ರೀಮತಿ ಕೂಗಿಯೇ ಬಿಟ್ಟಳು, "ಇದು ನಮ್ಮ ಸಪೋಟ ಅಲ್ವೇನ್ರೀ!" ಹೌದು, ನಮ್ಮ ಹಿತ್ತಲಿನ ಸಪೋಟದ ತವರು ಇದೇ ಕಾಡು. ನಮ್ಮ ಸಾರಿನ ಮೆಣಸಿನಕಾಯಿ, ನಮ್ಮ ಸೀಬೆ, ಪರಂಗಿ, ಮುಸುಕಿನ ಜೋಳ ಎಲ್ಲದರ ಬೇರು ಅಮೆರಿಕ ಖಂಡದ ಈ ಕಡೆಯದೇ. ನೆಂಟರ ಮನೆಗೆ ಬಂದು ಅಂಗಳದಲ್ಲೇ ಐದು ದಿನ ಕೂತಿದ್ದೆವು.

ಹನ್ನೊಂದು ಗಂಟೆಗೆ ಅವರು ತಮ್ಮ ತಾಯಿಯ ಮನೆಯ ಮುಂದೆ ವ್ಯಾನು ನಿಲ್ಲಿಸಿ, ಐದು ನಿಮಿಷ ಮಾತಾಡಿಸಿಕೊಂಡು ಬರುತ್ತೇನೆ ಎಂದರು. ಮುದುಕಿ ನಮ್ಮನ್ನು ಹೊರಗೆ ಬಿಟ್ಟಾಳೆಯೇ? ಒಳಗೆ ಕರೆದು ಕೂರಿಸಿದಳು. ಒಲೆಯ ಪಕ್ಕದಲ್ಲಿ ಒಂದು ಪಾತ್ರೆ, ಅದರಲ್ಲಿ ರಾತ್ರಿಯೆಲ್ಲ ನೆನೆದ ಜೋಳ. ನೀರು ಹಳದಿ, ಒಂದು ಪರಿಚಿತ ವಾಸನೆ. ಇನ್ನೊಂದು ಡಬ್ಬಿ ತೆರೆದು ತೋರಿಸಿದಳು. ಸುಣ್ಣ! ನಮ್ಮಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿದ್ದ ಅದೇ ಸುಣ್ಣ.

ಇಲ್ಲಿ ರಸಾಯನಶಾಸ್ತ್ರದವನ ಕಸುಬು ಸ್ವಲ್ಪ ಹೇಳಲೇಬೇಕು. ಯುಕತಾನ್ ಎಂಬ ಆ ನಾಡೆಲ್ಲ ಸುಣ್ಣಕಲ್ಲಿನ ಹಾಸು. ಮಳೆ ಬಿದ್ದರೆ ಹೊಳೆಯಾಗಿ ಹರಿಯದೆ ಕಲ್ಲಿನೊಳಗೆ ಇಳಿಯುತ್ತದೆ. ಕಲ್ಲು ಕರಗಿ ಕುಸಿದ ಕಡೆ ಸೆನೋತೆ ಎಂಬ ಸಿಹಿನೀರಿನ ಬಾವಿಗಳಾಗಿವೆ. ಆ ಕಲ್ಲನ್ನೇ ಸುಟ್ಟರೆ ಸುಣ್ಣ. ಜೋಳದ ತೂಕದ ನೂರಕ್ಕೆ ಒಂದು ಪಾಲಿನಷ್ಟು ಸುಣ್ಣ ಹಾಕಿ ಕುದಿಸಿ, ರಾತ್ರಿಯೆಲ್ಲ ನೆನೆಸಿ ತೊಳೆದರೆ ಸಿಪ್ಪೆ ಬಿಡುತ್ತದೆ, ಹಿಟ್ಟು ರೊಟ್ಟಿಗೆ ಒದಗುವಂತೆ ಅಂಟುತ್ತದೆ, ಸುಣ್ಣಾಂಶವೂ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಜೋಳದಲ್ಲಿ ಕಟ್ಟುಬಿದ್ದಿರುವ ನಯಾಸಿನ್ ಎಂಬ ಜೀವಸತ್ವ ಕ್ಷಾರಕ್ಕೆ ಬಿಡುಗಡೆಯಾಗಿ ಮೈಗೆ ಹತ್ತುತ್ತದೆ. ಇದಕ್ಕೆ ನಿಶ್ತಮಾಲ್ ಎಂದು ಹೆಸರು. ಸಾವಿರಾರು ವರ್ಷಗಳ ಹೆಂಗಸರ ವಿದ್ಯೆ.

ಸ್ಪೇನಿನವರು ಜೋಳವನ್ನು ಹಡಗಿಗೆ ತುಂಬಿಕೊಂಡು ಹೋದರು, ಸುಣ್ಣದ ವಿಷಯ ಕೇಳಲಿಲ್ಲ. ಆಳುವವರು ಅಡಿಗೆಯವಳನ್ನು ಕೇಳುವುದುಂಟೇ? ಜೋಳವೊಂದನ್ನೇ ತಿಂದು ಬದುಕಿದ ಯೂರೋಪಿನ ಬಡವರಿಗೆ ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುವ, ಭೇದಿಯಾಗುವ, ಕೊನೆಗೆ ಬುದ್ಧಿಯೇ ಕದಡುವ ಪೆಲಾಗ್ರ ಎಂಬ ರೋಗ ಬಂತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಅದನ್ನು ಬರೆದಿಟ್ಟ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ನಾವಿರುವ ಈ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಸಾವಿರಾರು ಜನ ಅದರಿಂದ ಸತ್ತರು. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಎಲ್ವೆಹೆಮ್ ನಿಕೋಟಿನಿಕ್ ಆಮ್ಲವೇ ಮದ್ದೆಂದು ತೋರಿಸುವವರೆಗೆ ಕಾರಣದ ಎಳೆ ಪೂರ್ತಿ ಸಿಕ್ಕಿರಲಿಲ್ಲ. ನನ್ನ ಡಾಕ್ಟರೇಟಿನ ಕಾಲದಲ್ಲಿ ಇದನ್ನೆಲ್ಲ ಓದಿದ್ದೆ. ಪಾತ್ರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಜೋಳವನ್ನು ಬೆರಳಲ್ಲಿ ಉಜ್ಜಿ, ಸಿಪ್ಪೆ ಜಾರಿದ್ದನ್ನು ಕಂಡಾಗ ಅದು ಅರ್ಥವಾಯಿತು. ಧಾನ್ಯ ಒಯ್ದು ವಿದ್ಯೆ ಕೇಳದಿದ್ದವರ ಸಾಲಿನಲ್ಲಿ, ಬಿಸಿಲನ್ನೂ ಮರಳನ್ನೂ ಒಯ್ದು ಬೇರೇನೂ ಕೇಳದ ನಾವೂ ಇದ್ದೇವೆ ಎನಿಸಿತು.

ಮುದುಕಿಯೂ ಮಗನೂ ಮಾತಾಡಿದ್ದು ಸ್ಪ್ಯಾನಿಷ್ ಅಲ್ಲ, ಮಾಯಾ ಭಾಷೆ. ಏಳು ಲಕ್ಷಕ್ಕೂ ಹೆಚ್ಚು ಜನ ಇವತ್ತೂ ಆಡುವ ಭಾಷೆ ಅದು. ನಾವು ಹೋಟೆಲಿನಲ್ಲಿ ಮಾಯಾ ಜನರನ್ನು ಪಾಳುಗುಡಿಗಳ ಚಿತ್ರದಲ್ಲಿ ಮಾತ್ರ ನೋಡಿದ್ದೆವು. ಅವರು ಅಳಿದುಹೋದವರೆಂದೇ ನನ್ನ ಮಗಳು ನಂಬಿದ್ದಳು. ಡ್ರೈವರು ಅವಳಿಗೆ ಎಣಿಸುವುದನ್ನು ಹೇಳಿಕೊಟ್ಟರು: ಹುನ್, ಕಾ, ಓಶ್, ಕನ್. ಐದಕ್ಕೆ ಬಂದಾಗ ಸ್ಪ್ಯಾನಿಷ್‌ಗೆ ಜಾರಿದರು. "ನಾಲ್ಕರ ಮೇಲೆ ನಾವೆಲ್ಲ ಸ್ಪ್ಯಾನಿಷ್‌ನಲ್ಲೇ ಎಣಿಸೋದು" ಎಂದು ನಕ್ಕರು. ಸೊನ್ನೆಯನ್ನು ತಾವಾಗಿಯೇ ಕಂಡುಕೊಂಡಿದ್ದ ಜನ! ನಗಲು ಹೋದವನು ಸುಮ್ಮನಾದೆ. ನಮ್ಮ ಮನೆಯ ಟೆಲಿಫೋನ್ ನಂಬರನ್ನು ನಾನು ಕನ್ನಡದಲ್ಲಿ ಹೇಳಿ ಎಷ್ಟು ವರ್ಷವಾಯಿತು?

"ನಿಮ್ಮ ಮಕ್ಕಳಿಗೆ ಮಾಯಾ ಬರುತ್ತದೆಯೇ?" ಎಂದು ಕೇಳಿದೆ. ಅವರ ಉತ್ತರವನ್ನು ನಮ್ಮ ಕೂಟದ ಪ್ರತಿ ಯುಗಾದಿ ಊಟದಲ್ಲೂ ನೀವು ಕೇಳಿದ್ದೀರಿ. "ಅರ್ಥ ಆಗುತ್ತೆ, ಮಾತಾಡಲ್ಲ." ಅಜ್ಜಿಗೂ ಮೊಮ್ಮಕ್ಕಳಿಗೂ ನಡುವೆ ಅವರೇ ದುಭಾಷಿಯಂತೆ. ನೂರೈವತ್ತು ಕಿಲೋಮೀಟರ್ ದೂರಕ್ಕೆ ಅವರಿಗೆ ಆದದ್ದು ನಮಗೆ ಸಮುದ್ರ ದಾಟಿದ ಮೇಲೆ ಆಗುತ್ತಿದೆ. ಒಂದು ವ್ಯತ್ಯಾಸವಿದೆ. ಅವರು ದಿನಕ್ಕೆ ಹನ್ನೆರಡು ಗಂಟೆ ಗಾಡಿ ಓಡಿಸುತ್ತಾರೆ. ನಮಗೆ ಶನಿವಾರ ಭಾನುವಾರ ರಜೆ ಇದೆ, ಕೂಟವಿದೆ, ಈ ಪತ್ರಿಕೆಯಿದೆ. ಅವರ ಸಬೂಬು ನಮ್ಮದಕ್ಕಿಂತ ಗಟ್ಟಿ. ಆ ಸಂಜೆ ವಾಪಸು ಬರುವಾಗ ನನ್ನ ಮಗಳು ತಾನಾಗಿಯೇ ಕನ್ನಡದಲ್ಲಿ ಒಂದರಿಂದ ಎಣಿಸಿದಳು. ಹದಿನೇಳಕ್ಕೆ ನಿಂತಳು. ಮುಂದಿನದನ್ನು ನಾನು ಹೇಳಿದೆ.

ಈಗ ಆಕ್ಷೇಪಗಳಿಗೆ ಬರೋಣ. ಸಭೆಯಲ್ಲೇ ಕೆಲವು ಕೇಳಿಬಂದವು. "ವರ್ಷವೆಲ್ಲ ದುಡಿದವನು ಒಂದು ವಾರ ಕೈಕಾಲು ಚಾಚಿದರೆ ನಿಮಗೇನು ನಷ್ಟ?" ನಷ್ಟವಿಲ್ಲ, ಐದು ದಿನ ಧಾರಾಳವಾಗಿ ಚಾಚೋಣ. "ಹೊರಗೆ ಅಪಾಯ." ಎಚ್ಚರ ಬೇಕು ನಿಜ, ಅಮೆರಿಕ ಸರ್ಕಾರದ ಪ್ರಯಾಣ ಸೂಚನೆ ನೋಡಿ, ಹಗಲಿನಲ್ಲಿ, ಗೊತ್ತಿರುವ ಗಾಡಿಯಲ್ಲಿ, ಗುಂಪಾಗಿ ಹೋಗೋಣ. "ಸಸ್ಯಾಹಾರಿಗಳ ಗತಿ?" ಇದು ನ್ಯಾಯವಾದ ಪ್ರಶ್ನೆ. "ಸಿನ್ ಕಾರ್ನೆ", ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಕೋಳಿ ಬಂದೀತು. "ನಿ ಪೋಯೊ, ನಿ ಪೆಸ್ಕಾದೊ", ಕೋಳಿಯೂ ಬೇಡ ಮೀನೂ ಬೇಡ, ಎಂದು ಸೇರಿಸಬೇಕು. ಹುರುಳಿಯಂಥ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕುವುದುಂಟು. "ಸಿನ್ ಮಂತೇಕ" ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಕಾನ್‌ಕೂನ್ ಪೇಟೆಯ ಪಾಲಾಪಾಸ್ ಪಾರ್ಕಿನಲ್ಲಿ ಸಂಜೆ ಹೊತ್ತು ಅಲ್ಲಿನ ಸಂಸಾರಗಳೇ ಮಕ್ಕಳನ್ನು ಆಡಿಸುತ್ತ ಕೂತಿರುತ್ತವೆ. ಅಲ್ಲಿ ಬೇಯಿಸಿದ ಜೋಳದ ತೆನೆಗೆ ಖಾರದ ಪುಡಿ, ನಿಂಬೆಹುಳಿ ಹಚ್ಚಿ ಕೊಡುತ್ತಾರೆ. ನಮ್ಮ ಕಡೆಯ ರುಚಿಯೇ. ಮೊಟ್ಟೆ ಸೇರಿದ ಮೇಯನೇಸ್ ಸಾಸು ಬೇಡವೆಂದರೆ ಸರಿ.

ಆದ್ದರಿಂದ ನನ್ನ ಸೂಚನೆ ಇಷ್ಟು. ಡಿಸೆಂಬರಿಗೆ ಕಾನ್‌ಕೂನ್‌ಗೇ ಹೋಗೋಣ. ಏಳು ದಿನಗಳಲ್ಲಿ ಎರಡು ದಿನ ಗೇಟಿನ ಹೊರಗೆ ಕಳೆಯೋಣ: ಒಂದು ಸಂಜೆ ಪೇಟೆಯಲ್ಲಿ, ಒಂದು ಪೂರ್ತಿ ದಿನ ಒಳನಾಡಿನಲ್ಲಿ. ಹೊರಡುವ ಮೊದಲು ಮಕ್ಕಳಿಗೆ ಇಪ್ಪತ್ತು ಸ್ಪ್ಯಾನಿಷ್ ಮಾತು, ನಾಲ್ಕು ಮಾಯಾ ಮಾತು ಕಲಿಸೋಣ. ಅದರ ಜೊತೆಗೆ ಕನ್ನಡದಲ್ಲಿ ನೂರರವರೆಗೆ ಎಣಿಸುವುದನ್ನೂ. ಕೊಠಡಿ ಗುಡಿಸುವವರಿಗೆ ದಿನವೂ ಕೈಯಾರೆ ಭಕ್ಷೀಸು ಕೊಡುವುದು, ಹೆಸರು ಕೇಳುವುದು, ಮುಖ ನೋಡಿ ಮಾತಾಡುವುದು ದೊಡ್ಡವರಿಂದಲೇ ಶುರುವಾಗಲಿ. ನನ್ನ ಮಗ ಲೋಟ ಎತ್ತುವುದನ್ನು ನನ್ನಿಂದಲೇ ಕಲಿತನೋ ಏನೋ.

ನನ್ನ ಮಟ್ಟಿಗೆ ಇನ್ನೊಂದು ತೀರ್ಮಾನ. ಈ ಸಲ ಮಾಣಿ ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದರೆ ಅವಸರಪಡುವುದಿಲ್ಲ. ಬಂದಷ್ಟು ಸ್ಪ್ಯಾನಿಷ್‌ನಲ್ಲಿ ಊಟ ಆಯಿತೇ ಎಂದು ಕೇಳಿ, ಆಮೇಲೆ ನಮ್ಮೂರು ಯಾವುದೆಂದು ಹೇಳುತ್ತೇನೆ.

ಮುಂದಿನ ಸಭೆಯಲ್ಲಿ ಈ ಸೂಚನೆಗೆ ಯಾರಾದರೂ ಅನುಮೋದಕರು ಸಿಕ್ಕರೆ ಸಂತೋಷ.