ಆರಾಧನೆಯ ನಂಟು ಕೆರೆ ಏರಿಗೂ ಬರಲಿ

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಜಗತ್ತಿನ ಹಲವು ಕ್ರೈಸ್ತ ಸಭೆಗಳು ಸೃಷ್ಟಿಯ ರಕ್ಷಣೆಗಾಗಿ ಪ್ರಾರ್ಥಿಸುತ್ತವೆ. ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೇ ಕೇಳಬೇಕೆಂದು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಹೇಳಿದರು. ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದರೆ ಇಲ್ಲಿ ತೆಂಗು ಸೊರಗುತ್ತದೆ. ಅದರ ಬೆನ್ನಿಗೇ ಕೊಬ್ಬರಿ ನಂಬಿದ ಸಣ್ಣ ರೈತ, ಕಾಯಿ ಸುಲಿಯುವ ಕೂಲಿಕಾರ ಸೊರಗುತ್ತಾರೆ.

ಈ ಅಳಲಿಗೆ ಓಗೊಡಲು ಇಲ್ಲಿನ ಸಭೆಗಳ ಕೈಯಲ್ಲಿ ಒಂದು ಸಾಧನ ಈಗಾಗಲೇ ಇದೆ. 2020ರ ಲಾಕ್‌ಡೌನ್‌ನಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಆರಾಧನೆ ಮೊಬೈಲಿಗೆ ಬಂತು. ದೂರದ ಊರುಗಳಲ್ಲಿ ನೆಲೆಸಿದವರಿಗೂ ಹುಟ್ಟೂರಿನ ಸಭೆ ಸೇರುವ ದಾರಿ ತೆರೆಯಿತು. ಆ ನಂಟು ಭಾನುವಾರದ ಒಂದು ಗಂಟೆಗೆ ಮುಗಿಯಬಾರದು. ಆನ್‌ಲೈನ್ ಆರಾಧನೆಯ ಕೊನೆಗೆ ಊರ ಕೆರೆಯ ಸ್ಥಿತಿಯೂ ಚರ್ಚೆಯಾಗಲಿ. ಚರ್ಚಿನ ಸೂರಿನ ಮಳೆನೀರು ಇಂಗುಗುಂಡಿಗೆ ಇಳಿಯಲಿ. ತೆಂಗಿನ ಗರಿ, ಸಿಪ್ಪೆಗೆ ಬೆಂಕಿಯಿಡದೆ ಮರದ ಬುಡಕ್ಕೆ ಹೊದಿಸುವ ಕೆಲಸಕ್ಕೆ ಯುವಜನರು ಮುಂದಾಗಲಿ. ದೂರದವರು ಹಣ ಕೊಡಲಿ, ಊರಿನವರು ಶ್ರಮ ಕೊಡಲಿ.

ಅಂತರ್ಜಲ ಎಲ್ಲರ ಸ್ವತ್ತು. ಸಭೆ ಚಿಕ್ಕದಾದರೂ ಮೊದಲ ಹೆಜ್ಜೆ ಇಡಬಹುದು. ಮಠ, ಮಸೀದಿ, ದೇವಸ್ಥಾನಗಳೂ ಗ್ರಾಮ ಪಂಚಾಯಿತಿಯೂ ಅದರ ಜೊತೆಗೂಡಬೇಕು.