ಮಾರುವವನ ಮೌನ

‘ಮೋಸ ಹೋಗುವವರು ಇರುವ ತನಕ ಮೋಸ ಮಾಡುವವರು ಇದ್ದೇ ಇರುತ್ತಾರೆ’ ಎಂಬ ಮಾತನ್ನು ನಾವು ಲೋಕಾನುಭವದ ಸಾರವೆಂಬಂತೆ ಆಡುತ್ತೇವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಕೈ ಸುಟ್ಟುಕೊಂಡವರ ಎದುರಿಗಂತೂ ಇದು ಬಂದೇ ಬರುತ್ತದೆ. ಹಣ ಕಳೆದುಕೊಂಡವನಿಗೆ ಮೊದಲು ಸಿಗುವುದು ಸಮಾಧಾನವಲ್ಲ, ವಿಚಾರಣೆ. ನೋಡಿ ತಗೋಬಾರದಿತ್ತಾ? ಮೆಕ್ಯಾನಿಕ್‌ನ ಕರ್ಕೊಂಡು ಹೋಗಬಾರದಿತ್ತಾ? ಅಷ್ಟು ಕಡಿಮೆಗೆ ಕೊಡ್ತೀನಿ ಅಂದಾಗಲೇ ಅನುಮಾನ ಬರಲಿಲ್ವಾ? ಪ್ರಶ್ನೆಗಳು ತಪ್ಪಲ್ಲ, ಆದರೆ ಎಲ್ಲವೂ ಒಬ್ಬನ ಮೇಲೇ ಬೀಳುತ್ತವೆ. ಮೀಟರನ್ನು ಹಿಂದಕ್ಕೆ ತಿರುಗಿಸಿದವನನ್ನು ಯಾರೂ ಏನೂ ಕೇಳುವುದಿಲ್ಲ. ಅವನು ಮಾಡಿದ್ದು ವ್ಯಾಪಾರ, ಇವನು ಮಾಡಿದ್ದು ಪೆದ್ದುತನ ಎಂದು ತೀರ್ಪಾಗಿಬಿಡುತ್ತದೆ.

ಈ ತೀರ್ಪಿನ ಬಗ್ಗೆಯೇ ನನ್ನ ತಕರಾರು. ಕೊಳ್ಳುವವನು ಎಚ್ಚರ ತಪ್ಪಿದ ಎಂಬ ಕಾರಣಕ್ಕೆ ಮಾರುವವನ ಸುಳ್ಳು ಮನ್ನಾ ಆಗಬೇಕೇ? ಸೈಟು, ಫ್ಲಾಟು, ಹಾಲು ಕರೆಯುವ ಎಮ್ಮೆ, ಯಾವುದನ್ನು ಕೊಳ್ಳುವಾಗಲೂ ಏಳುವ ಪ್ರಶ್ನೆ ಇದು. ಹಳೆ ಕಾರಿನ ವಿಷಯದಲ್ಲಿ ಮಾತ್ರ ಇದು ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಮಾರುವವನಿಗೆ ಗೊತ್ತಿರುವುದಕ್ಕೂ ಕೊಳ್ಳುವವನ ಕಣ್ಣಿಗೆ ಬೀಳುವುದಕ್ಕೂ ಅಲ್ಲಿ ಅಷ್ಟು ಅಂತರವಿದೆ.

ರಿಂಗ್ ರೋಡಿನ ಪಕ್ಕದ ಖಾಲಿ ಸೈಟಿನಲ್ಲಿ ಸಾಲಾಗಿ ನಿಂತ ಕಾರುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಮೈಯೆಲ್ಲ ಪಾಲಿಷ್, ಟೈರಿಗೆ ಕಪ್ಪು ಹೊಳಪು. “ಸಿಂಗಲ್ ಓನರ್ ಸಾರ್, ಡಾಕ್ಟರು ಓಡಿಸಿದ್ದು. ಮನೆ, ಆಸ್ಪತ್ರೆ ಅಷ್ಟೇ.” ಮೀಟರು 38,000 ಕಿಲೋಮೀಟರ್ ತೋರಿಸುತ್ತದೆ. ಆದರೆ ಕ್ಲಚ್ ಪೆಡಲಿನ ರಬ್ಬರ್ ಗೆರೆಗಳೆಲ್ಲ ಅಳಿದು ನುಣ್ಣಗಾಗಿದೆ. ಬಾನೆಟ್ಟಿನ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಕಿತ್ತುಹೋಗಿದೆ, ಅಂದರೆ ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ತುಂತುರು ಕೂತಿದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ಅಂಚಿನಲ್ಲಿ ಒಣಗಿದ ಸಣ್ಣ ಕೆಸರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಂದು ಮಟ್ಟದಲ್ಲಿ ನೀರು ನಿಂತ ಕಲೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಇಲ್ಲಿ ಅದು ಹೊತ್ತುವುದೇ ಇಲ್ಲ.

ದಿನಬೆಳಗಾದರೆ ಗಾಡಿ ಮುಟ್ಟುವವನಿಗೆ ಇವೆಲ್ಲ ಒಂದೇ ನೋಟಕ್ಕೆ ತಿಳಿಯುತ್ತವೆ. ಉಳಿತಾಯದ ಹಣಕ್ಕೆ ಇನ್ನಷ್ಟು ಸಾಲ ಸೇರಿಸಿ ಮೊದಲ ಕಾರು ಕೊಳ್ಳಲು ಬಂದ ಹೈಸ್ಕೂಲ್ ಮೇಷ್ಟರಿಗೆ ತಿಳಿಯುವುದಿಲ್ಲ. ಅವರ ಕೈಯಲ್ಲಿರುವುದು ಒಂದು ಸುತ್ತು ಓಡಿಸಿ ನೋಡುವಷ್ಟು ಸಮಯ, ಜೊತೆಗೆ “ಇನ್ನೊಬ್ಬರು ಸಂಜೆ ಟೋಕನ್ ಕೊಡ್ತೀನಿ ಅಂದಿದಾರೆ” ಎಂಬ ಒತ್ತಡ. ಅವರ ಅಜ್ಞಾನ ಸೋಮಾರಿತನದಿಂದ ಬಂದದ್ದಲ್ಲ. ಗಾಡಿಯನ್ನು ತೊಳೆದು, ಬಣ್ಣ ಬಳಿದು, ಮೀಟರು ತಿದ್ದಿದವರು ದುಡ್ಡು ಖರ್ಚು ಮಾಡಿ ಆ ಅಜ್ಞಾನವನ್ನು ತಯಾರಿಸಿದ್ದಾರೆ.

ಈ ಜಗಳ ಮೋಟಾರು ಗಾಡಿಗಿಂತ ಹಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನೆಂದು ವಿವರಿಸುವಾಗ ಒಂದು ಕುದುರೆಯನ್ನು ತಂದು ನಿಲ್ಲಿಸುತ್ತದೆ. ಕುದುರೆಗೆ ಐಬಿದೆಯೆಂದು ಗೊತ್ತಿದ್ದೂ ಒಬ್ಬ ಬಾಯಿ ಬಿಡದೆ ಹರಾಜಿನಲ್ಲಿ ಮಾರುತ್ತಾನೆ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಅವನ ಮಗಳಾಗಿದ್ದರೆ ಐಬನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ‘ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮವಾಗುತ್ತದೆ.

ಅದೇ ಕಾಯ್ದೆಯ 19ನೇ ಕಲಮು ಇನ್ನೂ ಒಂದು ಸೂಕ್ಷ್ಮವನ್ನು ಹಿಡಿದಿದೆ. ಮಾರುವವನು ಮೌನದಿಂದ ವಂಚಿಸಿದ್ದರೆ, ಸಾಮಾನ್ಯ ಎಚ್ಚರದಿಂದ ನಿಜ ತಿಳಿಯಬಹುದಾಗಿದ್ದ ಕೊಳ್ಳುಗ ಕರಾರನ್ನು ರದ್ದು ಮಾಡುವಂತಿಲ್ಲ. ಗೊತ್ತಿದ್ದೂ ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಈ ವಿನಾಯಿತಿ ಅವನಿಗಿಲ್ಲ. ‘ಆಕ್ಸಿಡೆಂಟ್ ಆಗಿಲ್ಲ’ ಎಂದು ಹೇಳಿದವನು ಆಮೇಲೆ ‘ನೀವೇ ನೋಡ್ಕೋಬೇಕಿತ್ತು’ ಎಂದು ಜಾರಿಕೊಳ್ಳುವಂತಿಲ್ಲ. ಸರಕು ಮಾರಾಟದ 1930ರ ಕಾಯ್ದೆಯೂ ಇದೇ ದಾರಿಯಲ್ಲಿದೆ. ಯಾವ ಉಪಯೋಗಕ್ಕೆ ಬೇಕೆಂದು ಹೇಳಿ, ಆ ಮಾಲಿನ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡರೆ, ಮಾಲು ಆ ಉಪಯೋಗಕ್ಕೆ ಒದಗಬೇಕೆಂಬ ಷರತ್ತು ತಾನಾಗಿಯೇ ಸೇರಿಕೊಳ್ಳುತ್ತದೆ.

ಹಾಗಾದರೆ ನಮ್ಮ ಹಿರಿಯರ ‘ನೋಡಿ ತಗೋ’ ಎಂಬ ಬುದ್ಧಿಮಾತು ಅರ್ಧ ಮಾತ್ರ ಸರಿ. ನೋಡುವುದಕ್ಕಿಂತ ಕೇಳುವುದು ದೊಡ್ಡದು. ನೋಡಿದವನು ತನ್ನ ಕಣ್ಣಿಗೆ ತಾನೇ ಹೊಣೆ, ಕೇಳಿದವನು ಹೊಣೆಯನ್ನು ಎದುರಿನವನ ಹೆಗಲಿಗೆ ದಾಟಿಸುತ್ತಾನೆ. ಆಕ್ಸಿಡೆಂಟ್ ಆಗಿದೆಯಾ, ನೀರಿಗೆ ಸಿಕ್ಕಿದೆಯಾ, ಮೀಟರ್ ಅಸಲಿಯಾ, ಲೋನ್ ಬಾಕಿ ಇದೆಯಾ ಎಂದು ದುಡ್ಡು ಕೊಡುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಕೇಳಿಟ್ಟರೆ ಸಾಕು. ಉತ್ತರ ನಿಜವಾದರೆ ಗಾಡಿ ಎಂಥದೆಂದು ತಿಳಿಯುತ್ತದೆ, ಸುಳ್ಳಾದರೆ ಸಾಕ್ಷಿ ಸಿಗುತ್ತದೆ.

ವ್ಯಾಪಾರಿಗಳ ವಾದವನ್ನೂ ಕೇಳಬೇಕು. ಹಳೆ ಗಾಡಿ ಎಂದರೆ ಹಳೆಯದೇ, ಅರ್ಧ ಬೆಲೆಗೆ ಕೊಟ್ಟು ಹೊಸದರ ಗ್ಯಾರಂಟಿ ಕೊಡಲಾಗುತ್ತದೆಯೇ ಎನ್ನುತ್ತಾರೆ. ನಮಗೇ ಮೊದಲ ಓನರ್ ಎಲ್ಲ ಹೇಳಿರುವುದಿಲ್ಲ ಎನ್ನುತ್ತಾರೆ. ಎರಡರಲ್ಲೂ ನಿಜವಿದೆ. ಎಕ್ಸ್‌ಚೇಂಜ್‌ಗೆ ಗಾಡಿ ಬಿಡುವಾಗ ಗೇರ್‌ಬಾಕ್ಸಿನ ಸದ್ದಿನ ಬಗ್ಗೆ ಬಾಯಿ ಬಿಡದವರು ನಾವೂ ಇದ್ದೇವೆ. ಆದರೆ ಕೊಳ್ಳುವವನು ಕೇಳುತ್ತಿರುವುದು ಗ್ಯಾರಂಟಿಯನ್ನಲ್ಲ, ಗೊತ್ತಿರುವ ನಿಜವನ್ನು. ಮುಂದಿನ ವರ್ಷ ಎಂಜಿನ್ ಏನಾಗುತ್ತದೋ ಯಾರೂ ಹೇಳಲಾರರು. ಹೋದ ತಿಂಗಳು ಮೀಟರಿನಲ್ಲಿ ಎಷ್ಟಿತ್ತು ಎಂಬುದನ್ನು ತಿದ್ದಿಸಿದವನು ಹೇಳಬಲ್ಲ. ಐಬು ಹೇಳಿಯೇ ಮಾರಿದರೆ ಬೆಲೆ ಇಳಿಯುತ್ತದೆ, ವ್ಯಾಪಾರ ನಿಲ್ಲುವುದಿಲ್ಲ.

ಸುಳ್ಳಿನಿಂದ ಪ್ರಾಮಾಣಿಕ ವ್ಯಾಪಾರಿಗೂ ಏಟು ಬೀಳುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯನ್ನೇ ಮುಂದಿಟ್ಟು ವಿವರಿಸಿದರು. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ಅಳುಕಿನ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟ ಗಾಡಿಗಳು, ಗಿರಾಕಿಯ ಅಳುಕು ಇನ್ನಷ್ಟು ಬೆಳೆಯುತ್ತದೆ, ಬೆಲೆ ಇನ್ನಷ್ಟು ಇಳಿಯುತ್ತದೆ. 2001ರಲ್ಲಿ ಇನ್ನಿಬ್ಬರೊಂದಿಗೆ ಅವರಿಗೆ ನೊಬೆಲ್ ಬಹುಮಾನ ಬರಲು ಈ ವಿಚಾರವೇ ಮುಖ್ಯ ಕಾರಣ. ನಿಜ ಹೇಳಿ ವ್ಯಾಪಾರ ಮಾಡುವವನು ಬದುಕಬೇಕಾದರೆ ಸುಳ್ಳು ಹೇಳುವವನಿಗೆ ನಷ್ಟವಾಗಲೇಬೇಕು. ಹಣ ವಾಪಸ್ ಪಡೆಯುವುದು ಬರೀ ಖಾಸಗಿ ಜಗಳವಲ್ಲ ಎನ್ನುವುದು ಇದಕ್ಕೇ.

ಹಣ ವಾಪಸ್ ಬರುವುದು ಕಷ್ಟವಾಗಿರುವುದಕ್ಕೆ ಕಾರಣ ಕಾನೂನಿಲ್ಲದಿರುವುದಲ್ಲ, ಕಾಗದದಲ್ಲಿ ವ್ಯಾಪಾರಿಯೇ ಇಲ್ಲದಿರುವುದು. ಮಾರುವ ಓನರ್‌ನಿಂದ 29, 30ನೇ ನಮೂನೆಗಳಿಗೆ ಖಾಲಿಯಾಗಿಯೇ ಸಹಿ ಹಾಕಿಸಿಟ್ಟುಕೊಳ್ಳುತ್ತಾರೆ. ಗಿರಾಕಿ ಸಿಕ್ಕ ಮೇಲೆ ಅವನ ಹೆಸರು ತುಂಬುತ್ತಾರೆ. ಆರ್‌ಟಿಒ ಕಡತದಲ್ಲಿ ಗಾಡಿ ಡಾಕ್ಟರಿಂದ ನೇರವಾಗಿ ಮೇಷ್ಟರಿಗೆ ಹೋಗಿರುತ್ತದೆ, ನಡುವೆ ನಿಂತು ಲಾಭ ತಿಂದವನು ಎಲ್ಲೂ ಇರುವುದಿಲ್ಲ. ಜಗಳಕ್ಕೆ ಹೋದರೆ “ನಾನು ತೋರಿಸಿದೆ ಅಷ್ಟೇ ಸಾರ್, ಮಾರಿದ್ದು ಓನರ್ರು” ಎನ್ನುತ್ತಾನೆ. ಇದರಿಂದ ಮಾರಿದವನಿಗೂ ಆಪತ್ತಿದೆ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಆರ್‌ಸಿಯಲ್ಲಿ ಹೆಸರಿರುವವನೇ ಹೊಣೆ ಎಂದು ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಹೇಳಿದೆ.

ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಚಿತ್ರ ಬದಲಾಗಿದೆ, ಕಾಗದದ ಮೇಲಾದರೂ. ಹಳೆ ಗಾಡಿ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಗಾಡಿ ಅವನ ಕೈಗೆ ಬಂದದ್ದನ್ನು 29ಸಿ ನಮೂನೆಯಲ್ಲಿ ತಿಳಿಸಬೇಕು. ಅವನ ವಶದಲ್ಲಿರುವಷ್ಟು ಕಾಲ ಅವನೇ ಓನರ್ ಎಂದು ಪರಿಗಣಿಸಲಾಗುತ್ತದೆ. ಗಾಡಿ ಇಷ್ಟವಾಯಿತು ಎನ್ನುವ ಮೊದಲು ಆ ಅಧಿಕಾರ ಪತ್ರ ತೋರಿಸಿ ಎನ್ನುವುದು, ಅಂಗಡಿಯ ಹೆಸರಿನಲ್ಲೇ ಬಿಲ್ ಕೇಳುವುದು, ಹಣವನ್ನು ಅಂಗಡಿಯ ಖಾತೆಗೇ ಹಾಕುವುದು ಇದಕ್ಕಾಗಿ. ಹಾಗೆ ಮಾಡಿದರೆ ಮರೆಯಲ್ಲಿ ನಿಂತವನು ಕಾಗದಕ್ಕೆ ಬರುತ್ತಾನೆ.

ಮೋಸ ಗೊತ್ತಾದ ಮೇಲೆ ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂದು ಕೈಚೆಲ್ಲಿ ಕೂರಬೇಕಾಗಿಲ್ಲ. ಆದರೆ ತಡಮಾಡಬಾರದು. ಐಬು ತಿಳಿದ ಮೇಲೂ ತಿಂಗಳುಗಟ್ಟಲೆ ಓಡಿಸಿದವನು ಗಾಡಿಯನ್ನು ಒಪ್ಪಿಕೊಂಡಿದ್ದಾನೆ ಎಂಬ ವಾದಕ್ಕೆ ದಾರಿ ಮಾಡುತ್ತಾನೆ, ರಿಪೇರಿ ಮಾಡಿಸಿದವನು ಸಾಕ್ಷಿಯನ್ನೇ ಅಳಿಸುತ್ತಾನೆ. ಗಾಡಿ ನಿಲ್ಲಿಸಿ, ಫೋಟೊ ತೆಗೆದು, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಿಂದ ಲಿಖಿತ ವರದಿ ಪಡೆಯಬೇಕು. ಅಲ್ಲಿನ ಹಳೆಯ ಸರ್ವಿಸ್ ದಾಖಲೆಯಲ್ಲಿ ಕಿಲೋಮೀಟರ್ ಬರೆದಿರುತ್ತದೆ. ಎರಡು ವರ್ಷದ ಹಿಂದೆಯೇ 90,000 ಎಂದಿದ್ದರೆ ಇವತ್ತಿನ 38,000ಕ್ಕೆ ಬೇರೆ ವಿವರಣೆ ಬೇಕಿಲ್ಲ. ಆಮೇಲೆ ಗಾಡಿ ವಾಪಸ್ ತೆಗೆದುಕೊಂಡು ಹಣ ಕೊಡಿ ಎಂದು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದೂ ಒಳ್ಳೆಯದು. ಕೆಲವರು ಅಲ್ಲಿಗೇ ದಾರಿಗೆ ಬರುತ್ತಾರೆ.

ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಳೆಯ ಮಾಲು ಕೊಂಡವನನ್ನೂ ಗ್ರಾಹಕ ಎಂದೇ ಎಣಿಸುತ್ತದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಹಾವೇರಿಯ ಗಿರಾಕಿ ಬೆಂಗಳೂರಿನಲ್ಲಿ ಗಾಡಿ ಕೊಂಡಿದ್ದರೂ ತನ್ನ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗಾದರೆ 200 ರೂಪಾಯಿ. ವಕೀಲರಿಲ್ಲದೆ ತಾನೇ ವಾದಿಸಬಹುದು. ಗಡುವು ಎರಡು ವರ್ಷ. ತನ್ನದೇ ಕಾರು ಮಾರಿದ ಖಾಸಗಿ ವ್ಯಕ್ತಿ ಈ ಕಾಯ್ದೆಯ ವ್ಯಾಪಾರಿಯಲ್ಲ, ಅವನ ಮೇಲೆ ಸಿವಿಲ್ ಕೋರ್ಟಿಗೇ ಹೋಗಬೇಕು. ಚಾಸಿ ನಂಬರ್ ತಿದ್ದಿದ್ದರೆ, ಕಳವಿನ ಗಾಡಿಯಾಗಿದ್ದರೆ ಅದು ಪೊಲೀಸರ ಕೆಲಸ. ‘ಸಿವಿಲ್ ಮ್ಯಾಟರ್’ ಎಂದು ಠಾಣೆಯಿಂದ ವಾಪಸ್ ಕಳಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಇಷ್ಟೆಲ್ಲ ಇದ್ದೂ ದಾರಿ ಸಲೀಸಲ್ಲ. ಮೂರು ತಿಂಗಳಲ್ಲಿ, ಮಾಲಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ, ದೂರು ಇತ್ಯರ್ಥವಾಗಬೇಕೆಂದು ಕಾಯ್ದೆಯೇ ಹೇಳಿದರೂ ವಾಯಿದೆಗಳು ಅದನ್ನು ಮೀರಿ ಓಡುತ್ತವೆ. ಆದೇಶ ಬಂದ ಮೇಲೂ ಹಣ ಬರುವುದಿಲ್ಲ, ಅಮಲ್ಜಾರಿಗೆ ಮತ್ತೆ ಅರ್ಜಿ ಹಾಕಬೇಕು. ಆದೇಶ ಪಾಲಿಸದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಅಷ್ಟರಲ್ಲಿ ಅಂಗಡಿ ಬೋರ್ಡು ಬದಲಾಯಿಸಿರಲೂಬಹುದು. ಆದ್ದರಿಂದ ನಡುವೆ ಅರ್ಧಕ್ಕಿಂತ ಹೆಚ್ಚು ಹಣಕ್ಕೆ ರಾಜಿಯಾಗುವವರನ್ನು ಹೀಗಳೆಯುವಂತಿಲ್ಲ. ಹೀಗಳೆಯಬೇಕಾದದ್ದು ನಾಚಿಕೆಯಿಂದ ಬಾಯಿ ಮುಚ್ಚಿಸುವ ನಮ್ಮ ಉಪದೇಶವನ್ನು. ಪೆದ್ದ ಎನ್ನಿಸಿಕೊಳ್ಳುವ ಭಯಕ್ಕೆ ದೂರು ಕೊಡದ ಪ್ರತಿ ಗಿರಾಕಿಯಿಂದ ಮೋಸಗಾರನಿಗೆ ಇನ್ನೊಬ್ಬನನ್ನು ಹಿಡಿಯುವ ಧೈರ್ಯ ಬರುತ್ತದೆ.

ಬೇರೆ ದೇಶಗಳು ಈ ಹೊಣೆಯನ್ನು ಕೊಳ್ಳುವವನ ಜಾಣತನಕ್ಕೆ ಬಿಟ್ಟಿಲ್ಲ. ಬೆಲ್ಜಿಯಂನಲ್ಲಿ ಗಾಡಿ ಗ್ಯಾರೇಜಿಗೆ ಬಂದಾಗ ಅದರ ಕಿಲೋಮೀಟರನ್ನು ದಾಖಲಿಸಬೇಕು, 2006ರಿಂದ ಆ ದಾಖಲೆಯ ಪತ್ರವಿಲ್ಲದೆ ಹಳೆ ಕಾರು ಮಾರುವಂತಿಲ್ಲ. ಬ್ರಿಟನ್ನಿನ 2015ರ ಕಾಯ್ದೆಯ ಪ್ರಕಾರ ವ್ಯಾಪಾರಿಯಿಂದ ಕೊಂಡ ಹಳೆ ಕಾರಿನಲ್ಲಿ ಮಾರುವಾಗಲೇ ದೋಷವಿದ್ದರೆ 30 ದಿನದೊಳಗೆ ತಿರುಗಿಸಿ ಪೂರ್ತಿ ಹಣ ಪಡೆಯಬಹುದು. ನಮ್ಮ 2023ರ ನಿಯಮಗಳು ಗಾಡಿ ಯಾರ ಕೈಯಲ್ಲಿದೆ ಎಂಬುದಕ್ಕೆ ಲೆಕ್ಕ ಇಟ್ಟಿವೆ. ಗಾಡಿಗೆ ಏನಾಗಿದೆ ಎಂಬುದಕ್ಕೂ ಇಡಬೇಕು. ಐದು ವರ್ಷಕ್ಕೆ ಕೊಡುವ ಆ ಅಧಿಕಾರ ಪತ್ರಕ್ಕೆ ಒಂದು ಷರತ್ತು ಸೇರಿಸಿದರೆ ಸಾಕು: ಅಪಘಾತ, ನೀರು, ಮೀಟರು, ಸಾಲ, ಇವುಗಳ ಬಗ್ಗೆ ತನಗೆ ತಿಳಿದದ್ದನ್ನು ವ್ಯಾಪಾರಿ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಬೇಕು. ತಿಳಿಯದ್ದಕ್ಕೆ ‘ತಿಳಿಯದು’ ಎಂದೇ ಬರೆಯಲಿ. ಪ್ರಾಮಾಣಿಕನಿಗೆ ಇದರಿಂದ ಕಾಸಿನ ಖರ್ಚಿಲ್ಲ. ಸರ್ಕಾರ ಆ ಹಾಳೆಯನ್ನು ಕಡ್ಡಾಯ ಮಾಡುವವರೆಗೆ ಕೊಳ್ಳುವವನೇ ಅದನ್ನು ಬರೆದುಕೊಂಡು ಹೋಗಿ ಮುಂದಿಡಬಹುದು. ಸಹಿಗೆ ಹಿಂಜರಿಯುವವನ ಹತ್ತಿರ ಬೆಲೆ ಚೌಕಾಸಿ ಮಾಡುವ ಅಗತ್ಯವೇ ಇಲ್ಲ.