ನೀರಿನ ನೆರೆಯಲ್ಲಿ ಬಾಳುವ ಚಾಕು

ನಮ್ಮ ಆದವಾನಿ ಸೀಮೆಯನ್ನು ಬರದ ನಾಡೆಂದು ಕರೆಯುವುದು ರೂಢಿ. ಆದರೂ ನೀರಿನೊಡನೆಯೇ ದಿನ ಕಳೆಯುವ ಜನ ಇಲ್ಲಿ ಕಡಿಮೆಯೇನೂ ಇಲ್ಲ. ಕೌತಾಳಂ, ಕೋಸಿಗಿ, ಮಂತ್ರಾಲಯಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ; ಆಚೆಯ ದಡ ರಾಯಚೂರು ಜಿಲ್ಲೆ. ಹೊಲಗಳ ನಡುವೆ ಕೆಳಮಟ್ಟದ ಕಾಲುವೆ ಸಾಗುತ್ತದೆ. ಬಲೆ ಬೀಸುವವರು, ಹರಿಗೋಲು ಹಾಕುವವರು, ಕಾಲುವೆಗೆ ಪೈಪು ಇಳಿಸಿ ನೀರು ಹಾಯಿಸುವ ರೈತರು, ಇವರೆಲ್ಲರ ಜೇಬಿನಲ್ಲಿಯೋ ಉಡಿದಾರದಲ್ಲಿಯೋ ಒಂದು ಮಡಿಚುವ ಚಾಕು ಇದ್ದೇ ಇರುತ್ತದೆ. ಸಂತೆಯಲ್ಲಿ ಹೊಳಪು ನೋಡಿ ಕೊಂಡ ಆ ಚಾಕು ಒಂದು ಮಳೆಗಾಲ ಕಳೆಯುವುದರೊಳಗೆ ತೆರೆಯಲಾರದಂತೆ ಕಚ್ಚಿಕೊಳ್ಳುವುದು ಅನೇಕರ ಅನುಭವ.

ಇದನ್ನು ಅಲ್ಪ ವಿಷಯವೆಂದು ತಳ್ಳಿಹಾಕುವಂತಿಲ್ಲ. ಹಿಂದಿನ ನೂಲಿನ ಬಲೆ ಹಳತಾದಂತೆ ಜಗ್ಗಿದರೆ ಹರಿಯುತ್ತಿತ್ತು. ಇಂದಿನ ನೈಲಾನ್ ಬಲೆ ಹರಿಯದು. ಸೆಳವಿನಲ್ಲಿ ಕಾಲಿಗೆ ಬಲೆಯೋ ಹಗ್ಗವೋ ಸುತ್ತಿಕೊಂಡಾಗ ಒಂದು ಕೈ ಹರಿಗೋಲಿನ ಅಂಚನ್ನು ಹಿಡಿದಿರುತ್ತದೆ; ಇನ್ನೊಂದು ಕೈಯೊಂದರಿಂದಲೇ ಚಾಕು ತೆರೆಯಬೇಕು. ಆ ಗಳಿಗೆಯಲ್ಲಿ ಅದು ತೆರೆಯದಿದ್ದರೆ ಪ್ರಾಣಕ್ಕೇ ಸಂಚಕಾರ.

ತೆಲುಗಿನಲ್ಲಿ ತುಕ್ಕಿಗೆ ‘ತುಪ್ಪು’ ಎನ್ನುವರು. ತುಪ್ಪಕ್ಕೂ ತುಪ್ಪಿಗೂ ಒಂದಕ್ಷರದ ಅಂತರವೆಂದು ಗಡಿನಾಡಿನ ನಮ್ಮ ಮಕ್ಕಳು ನಗುವುದುಂಟು. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಬೆರೆತರೆ ಅದರ ವೇಗ ಹೆಚ್ಚುತ್ತದೆ. ಆದುದರಿಂದ ಹೊಳೆಯ ಸಿಹಿನೀರಿಗಿಂತ ಸವುಳು ಬಾವಿಯ ನೀರು, ಅದಕ್ಕಿಂತ ಕಡಲಿನ ನೀರು ಕಬ್ಬಿಣಕ್ಕೆ ಹೆಚ್ಚು ಹಗೆ.

ಉಕ್ಕಿನ ವಿದ್ಯೆ ನಮ್ಮ ದಕ್ಷಿಣ ದೇಶಕ್ಕೆ ಹೊಸದಲ್ಲ. ‘ಉಕ್ಕು’ ಎಂಬ ಮಾತೇ ಇಂಗ್ಲಿಷಿನಲ್ಲಿ ‘ವೂಟ್ಸ್’ ಆಯಿತೆಂದು ಪಂಡಿತರು ಹೇಳುವರು. ಆ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು. ಆದುದರಿಂದ ಅಲಗು ಬಹು ಹರಿತ. ಆದರೆ ಅದೂ ತುಕ್ಕಿಗೆ ಹೊರತಾಗಿರಲಿಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಉಕ್ಕಿಗೆ ಕ್ರೋಮಿಯಂ ಬೆರೆಸಿ ಸ್ಟೇನ್‌ಲೆಸ್ ಉಕ್ಕನ್ನು ತಯಾರಿಸಿದನು. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಚಾಕು ‘ವಿಕ್ಟೋರಿನಾಕ್ಸ್’ನ ಹೆಸರು ಇದೇ ಉಕ್ಕಿನ ನೆನಪು: ಸ್ಥಾಪಕನ ತಾಯಿ ವಿಕ್ಟೋರಿಯಾಳ ಹೆಸರಿಗೆ 1921ರಲ್ಲಿ, ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚರು ಹೇಳುವ ‘ಇನಾಕ್ಸ್’ ಎಂಬ ಮಾತನ್ನು ಜೋಡಿಸಿದರು.

ಕ್ರೋಮಿಯಂ ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚಿದ್ದರೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ತಾನಾಗಿ ಮೂಡಿ ಅದನ್ನು ಕಾಯುತ್ತದೆ. ಗೀರು ಬಿದ್ದರೂ ಗಾಳಿ ತಾಗಿದೊಡನೆ ಮತ್ತೆ ಮೂಡುತ್ತದೆ. ಆದರೆ ಒಂದು ತೊಡಕುಂಟು. ಅಲಗು ಗಟ್ಟಿಯಾಗಲು ಇಂಗಾಲ ಬೇಕು. ಆ ಇಂಗಾಲವು ಕ್ರೋಮಿಯಮನ್ನು ತನ್ನೊಡನೆ ಕಟ್ಟಿಹಾಕಿಕೊಳ್ಳುವುದರಿಂದ ಪೊರೆಯ ಬಲ ಕುಗ್ಗುತ್ತದೆ. ಹೀಗೆ ಹರಿತದ ಬಾಳಿಕೆಯೂ ತುಕ್ಕಿನಿಂದ ರಕ್ಷಣೆಯೂ ತಕ್ಕಡಿಯ ಎರಡು ತಟ್ಟೆಗಳಂತೆ. ಇಂಗಾಲದ ಬದಲು ಬಹುಮಟ್ಟಿಗೆ ಸಾರಜನಕ ಸೇರಿಸಿ, ಕಡಲನೀರಿಗೂ ಜಗ್ಗದ ಉಕ್ಕನ್ನು ಈಗ ತಯಾರಿಸುತ್ತಾರೆ. ಅದರ ಬೆಲೆ ಹೆಚ್ಚು. ಕಾಸರಗೋಡಿನ ಕಡಲಂಚಿನ ಬಂಧುಗಳಿಗೆ ಅದು ಉಪಯುಕ್ತವಾದೀತು. ತುಂಗಭದ್ರೆಯ ಸಿಹಿನೀರಿಗೆ ಅದರ ಅಗತ್ಯವಿಲ್ಲ. ಹದವಾದ ಇಂಗಾಲವಿರುವ ಸಾಧಾರಣ ಸ್ಟೇನ್‌ಲೆಸ್ ಅಲಗೇ ನಮಗೆ ಸಾಕು. ಅದು ಬೇಗ ಮೊಂಡಾಗುತ್ತದೆ ಎಂಬ ದೂರು ನಿಜವೇ. ಆದರೆ ಮೊಂಡಾದ ಅಲಗನ್ನು ಮನೆಯ ಕಲ್ಲಿನ ಮೇಲೆ ಮಸೆಯಬಹುದು. ಕಚ್ಚಿಕೊಂಡ ಕೀಲನ್ನು ಹೊಳೆಯ ನಡುವೆ ಬಿಡಿಸಲಾಗದು.

ಮುಖ್ಯವಾಗಿ ಹೇಳಬೇಕಾದ ಮಾತು ಇದೇ: ಚಾಕು ಕೊಳ್ಳುವಾಗ ಅಲಗಿಗಿಂತ ಮೊದಲು ಕೀಲನ್ನು ನೋಡಿರಿ. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದು ಅಚ್ಚೊತ್ತಿದ್ದರೂ ಒಳಗಿನ ಸ್ಪ್ರಿಂಗು, ಮೊಳೆ, ತಗಡುಗಳು ಸಾಮಾನ್ಯ ಕಬ್ಬಿಣದವಾಗಿರಬಹುದು. ನೀರು ನಿಲ್ಲುವುದು ಅಲ್ಲಿಯೇ, ತುಕ್ಕು ಹುಟ್ಟುವುದೂ ಅಲ್ಲಿಯೇ. ಪಾತ್ರೆಯಂಗಡಿಯಲ್ಲಿ ಮಾಡುವಂತೆ ಅಯಸ್ಕಾಂತ ಹಿಡಿದು ಪರೀಕ್ಷಿಸಿ ಪ್ರಯೋಜನವಿಲ್ಲ. ಕಾಯಿಸಿ ಗಟ್ಟಿಗೊಳಿಸುವ ಚಾಕುವಿನ ಸ್ಟೇನ್‌ಲೆಸ್ ಉಕ್ಕು ಅಯಸ್ಕಾಂತಕ್ಕೆ ಅಂಟಿಕೊಳ್ಳುವುದು ಸಹಜ. ಅದರಿಂದ ಅಂಗಡಿಯವನು ಮೋಸ ಮಾಡಿದನೆಂದು ತಿಳಿಯಬಾರದು. ಕೊಂಡು ತಂದ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಒಂದು ರಾತ್ರಿ ಸುತ್ತಿಟ್ಟು, ಬೆಳಗ್ಗೆ ಕೀಲಿನ ಸಂದಿಯಲ್ಲಿ ಕಂದು ಬಣ್ಣ ಇಳಿದಿದೆಯೇ ಎಂದು ನೋಡುವುದು ಸುಲಭವಾದ ಪರೀಕ್ಷೆ. ಪರೀಕ್ಷೆಯಾದೊಡನೆ ಸಿಹಿನೀರಿನಲ್ಲಿ ತೊಳೆದು ಒರೆಸಿರಿ.

ಹಿಡಿಯ ಬೆನ್ನು ತೆರೆದಿದ್ದರೆ ಒಳಗಿನ ಕೆಸರು, ಮರಳು ತೊಳೆದು ಹೋಗುತ್ತದೆ. ಮರದ ಹಿಡಿ ಕೈಗೆ ಹಿತವಾದರೂ ನೆನೆದರೆ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ. ನೈಲಾನಿನ ಹಿಡಿ ಲೇಸು. ಅದು ಕೆಂಪೋ ಹಳದಿಯೋ ಆಗಿದ್ದರೆ ಮರಳಿನಲ್ಲಿ ಬಿದ್ದರೂ ಕಾಣುತ್ತದೆ. ತೆರೆದ ಅಲಗು ಬೆರಳಿನ ಮೇಲೆ ಮಡಿಚಿಕೊಳ್ಳದಂತೆ ತಡೆಯುವ ಚಿಲಕವಿರಲಿ. ದಾರ ಕಟ್ಟಲು ರಂಧ್ರವಿರಲಿ. ಮೂರು ಅಂಗುಲದ ಅಲಗು ಸಾಕು. ನೈಲಾನ್ ಹಗ್ಗಕ್ಕೆ ಅಂಚಿನ ಒಂದು ಭಾಗದಲ್ಲಿ ಗರಗಸದಂತಹ ಹಲ್ಲುಗಳಿದ್ದರೆ ಅನುಕೂಲ. ತುದಿ ಮೊನೆಯಾಗಿರದೆ ಮೊಂಡಾಗಿದ್ದರೆ ಹರಿಗೋಲಿನ ತಳಕ್ಕೂ ಪಕ್ಕದಲ್ಲಿ ಕುಳಿತವನಿಗೂ ಕ್ಷೇಮ.

ಇನ್ನು ಆರೈಕೆಯ ಮಾತು. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ತೆರೆದಿಟ್ಟು ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಡಿರಿ. ಮನೆಯಲ್ಲಿದೆಯೆಂದು ಶೇಂಗಾ ಎಣ್ಣೆ ಹಾಕಿದರೆ ಅದು ಕಾಲಕ್ರಮದಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಆಹಾರ ಕೊಯ್ಯುವ ಮೊದಲು ಮಾತ್ರ ಅಲಗನ್ನು ಚೆನ್ನಾಗಿ ತೊಳೆಯಬೇಕು. ಕಬ್ಬಿಣದ ನಾರಿನಿಂದ ಉಜ್ಜಬಾರದು. ಅದರ ಚೂರುಗಳು ಅಲಗಿನಲ್ಲಿ ಉಳಿದು ತಾವೇ ತುಕ್ಕು ಹಿಡಿಯುತ್ತವೆ. ಬ್ಲೀಚಿಂಗ್ ಪುಡಿಯ ನೀರು ಸ್ಟೇನ್‌ಲೆಸ್ಸನ್ನೂ ತೂತು ತೂತಾಗಿ ಕೊರೆಯುತ್ತದೆ. ಒದ್ದೆಯಾದ ತೊಗಲಿನ ಚೀಲದಲ್ಲಿ ಚಾಕುವನ್ನು ಇಟ್ಟು ಮರೆಯಬೇಡಿರಿ. ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕಾಲುವೆಯ ನೀರನ್ನೇ ನಂಬಿದ ನಮ್ಮ ರೈತರು ಮುಂದೇನೆಂದು ಕಂಗಾಲಾದರು. ಸುಮಾರು ಒಂದು ವಾರದಲ್ಲಿ ಅಲ್ಲಿ ತಾತ್ಕಾಲಿಕ ತಡೆಗೇಟನ್ನು ಇಳಿಸಿದ್ದು ಪುಣ್ಯ. ಆ ಸರಪಳಿಯ ವಿಚಾರ ಇಂಜಿನಿಯರುಗಳಿಗೆ ಸೇರಿದ್ದು. ನಾವು ಗೃಹಸ್ಥರು ಅದರಿಂದ ಕಲಿಯತಕ್ಕದ್ದು ಇಷ್ಟೇ: ನೀರಿನ ನೆರೆಯಲ್ಲಿರುವ ಕಬ್ಬಿಣವನ್ನು, ಅದು ಅಣೆಕಟ್ಟಿನದಾಗಲಿ ಜೇಬಿನದಾಗಲಿ, ಬೇಕಾದ ದಿನ ನೋಡಿದರೆ ಸಾಲದು, ಬೇಡದ ದಿನಗಳಲ್ಲಿ ನೋಡುತ್ತಿರಬೇಕು. ವಾರಕ್ಕೊಮ್ಮೆ, ಸಂತೆಯ ದಿನವಾದರೂ ಸರಿ, ನಿಮ್ಮ ಮನೆಯ ಚಾಕುವನ್ನು ಒಂದೇ ಕೈಯಿಂದ ತೆರೆದು ಮುಚ್ಚಿ ನೋಡಿರಿ. ಸಲೀಸಾಗಿ ತೆರೆದರೆ ಒಂದು ಹನಿ ಎಣ್ಣೆ ಬಿಟ್ಟು ಇಡಿರಿ. ತೆರೆಯದಿದ್ದರೆ ಅದನ್ನು ಹೊಳೆಗೆ ಒಯ್ಯಬೇಡಿರಿ.